ದೊಡ್ಡವರಾದ ಮೇಲೆ ಹಲ್ಲಿಗೆ ಕ್ಲಿಪ್: ಹಾಕಿಸುವ ಮುಂಚೆ, ಹಾಕಿಸಿದಾಗ, ತೆಗೆಸಿದ ಮೇಲೆ

ನನ್ನ ಹಲ್ಲಿಗೆ ಕ್ಲಿಪ್ ಹಾಕಿದ್ದು ಎರಡು ಸಲ. ಮೊದಲನೆಯದು 15ನೇ ವಯಸ್ಸಿನಲ್ಲಿ, ಎರಡನೆಯದು 38ರಲ್ಲಿ. ಎರಡನೇ ಸಲ ಯಾಕೆ ಬೇಕಾಯಿತು ಅಂತ ಕೇಳಿದರೆ ಹೇಳಲು ನಾಚಿಕೆ. ಮೊದಲ ಸಲ ಕ್ಲಿಪ್ ತೆಗೆದಾಗ ರಾತ್ರಿ ಹಾಕಿಕೊಂಡು ಮಲಗಿ ಅಂತ ಒಂದು ರಿಟೇನರ್, ಅಂದರೆ ಹಲ್ಲು ಹಳೇ ಜಾಗಕ್ಕೆ ವಾಪಸ್ ಹೋಗದಂತೆ ಹಿಡಿದಿಡುವ ಸಾಧನ, ಕೊಟ್ಟಿದ್ದರು. ನಾಲ್ಕು ತಿಂಗಳು ಹಾಕಿಕೊಂಡೆ. ಆಮೇಲೆ ಅದು ಡಬ್ಬಿ ಸಮೇತ ಡ್ರಾಯರ್ ಸೇರಿತು. ಎರಡು ವರ್ಷ ಬಿಟ್ಟು ನೆನಪಾಗಿ ಬಾಯಿಗಿಟ್ಟರೆ ಕೂರಲೇ ಇಲ್ಲ. ಅಷ್ಟರಲ್ಲಿ ಕೆಳಗಿನ ಬಾಚಿ ಹಲ್ಲುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು.

ಹಾಗಾಗಿ ಇಲ್ಲಿ ಕ್ಲಿಪ್ ಹಾಕುವ ದಿನಕ್ಕಿಂತ ಅದರ ಹಿಂದಿನ, ಮುಂದಿನ ದಿನಗಳ ಮಾತೇ ಜಾಸ್ತಿ. ದೊಡ್ಡವರ ಬಾಯಲ್ಲಿ ಕೆಲಸ ಕೆಡುವುದು ಅಲ್ಲೇ ಅನ್ನುವುದು ನನ್ನ ಅನುಭವ.

ಈ ವಯಸ್ಸಲ್ಲಿ ಹಲ್ಲು ಜರುಗುತ್ತಾ?

ಜರುಗುತ್ತದೆ. ಹಲ್ಲು ಗೋಡೆಗೆ ಹೊಡೆದ ಮೊಳೆ ಅಲ್ಲ. ಅದರ ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿ.ಮೀ. ದಪ್ಪದ ನಾರಿನ ಪದರ ಇರುತ್ತದೆ. ತಂತಿ ಹಲ್ಲನ್ನು ಒಂದು ಪಕ್ಕಕ್ಕೆ ಒತ್ತುತ್ತಾ ಇದ್ದರೆ ಆ ಪಕ್ಕದ ಮೂಳೆಯನ್ನು ನಮ್ಮ ದೇಹವೇ ಕರಗಿಸಿ ದಾರಿ ಮಾಡಿಕೊಡುತ್ತದೆ. ಹಲ್ಲು ಬಿಟ್ಟು ಬಂದ ಕಡೆ ಹೊಸ ಮೂಳೆ ತುಂಬಿಕೊಳ್ಳುತ್ತದೆ. ಈ ಕೆಲಸ ತಿಂಗಳಿಗೆ ಹೆಚ್ಚು ಕಡಿಮೆ 1 ಮಿ.ಮೀ. ವೇಗದಲ್ಲಿ ನಡೆಯುತ್ತದೆ. ಜೋರಾಗಿ ಎಳೆದರೆ ಬೇಗ ಮುಗಿಯುತ್ತದೆ ಅಂದುಕೊಳ್ಳಬೇಡಿ. ಒತ್ತಡ ಮಿತಿ ಮೀರಿದರೆ ಆ ತೆಳು ಪದರಕ್ಕೆ ರಕ್ತವೇ ಹರಿಯುವುದಿಲ್ಲ. ಹಲ್ಲು ಇದ್ದಲ್ಲೇ ನಿಂತುಬಿಡುತ್ತದೆ, ಬೇರಿಗೂ ಪೆಟ್ಟು.

ಮಕ್ಕಳಿಗೂ ನಮಗೂ ಇರುವ ದೊಡ್ಡ ವ್ಯತ್ಯಾಸ ಬೇರೆ. ನಮ್ಮ ದವಡೆ ಬೆಳೆದು ಮುಗಿದಿದೆ. ಮೇಲಿನ ದವಡೆ ಮುಂದೆ, ಕೆಳಗಿನದು ಹಿಂದೆ ಇದ್ದರೆ ಮಕ್ಕಳಲ್ಲಿ ಬೆಳವಣಿಗೆಯ ಜೊತೆಗೇ ಅದನ್ನು ಸ್ವಲ್ಪ ತಿದ್ದಬಹುದು. ನಮಗೆ ಉಳಿಯುವುದು ಎರಡೇ ದಾರಿ. ಒಂದೋ ದವಡೆಗೆ ಆಪರೇಷನ್, ಇಲ್ಲವೇ ಕೋರೆ ಹಲ್ಲಿನ ಹಿಂದಿನ ಹಲ್ಲು ಕೀಳಿಸಿ, ಆ ಜಾಗಕ್ಕೆ ಮುಂದಿನವನ್ನು ಎಳೆದು, ಕಾಣದ ಹಾಗೆ ಸರಿದೂಗಿಸುವುದು. ಬರೀ ಹಲ್ಲು ಸೊಟ್ಟ ಇದ್ದವರಿಗೆ ಈ ಚಿಂತೆ ಇಲ್ಲ.

ಮೊದಲು ಒಸಡು, ಆಮೇಲೆ ತಂತಿ

ಹೋಗಬೇಕಾದದ್ದು ಆರ್ಥೊಡಾಂಟಿಸ್ಟ್ ಹತ್ತಿರ. ಅಂದರೆ ಹಲ್ಲಿನ ಡಾಕ್ಟರಾದ ಮೇಲೆ ಮತ್ತೆ ಎರಡು ಮೂರು ವರ್ಷ ಹಲ್ಲು, ದವಡೆ ಸರಿಪಡಿಸುವುದನ್ನೇ ಓದಿದವರು. ಮೊದಲ ಭೇಟಿಯಲ್ಲೇ "ಇವತ್ತೇ ಹಾಕಿಬಿಡೋಣ" ಅಂದವರೊಬ್ಬರು ನನಗೂ ಸಿಕ್ಕಿದ್ದರು. ಎಕ್ಸ್‌ರೇ ಇಲ್ಲ, ಒಸಡಿನ ಪರೀಕ್ಷೆ ಇಲ್ಲ. ಎದ್ದು ಬಂದೆ. ನೀವೂ ಎದ್ದು ಬನ್ನಿ.

ದೊಡ್ಡವರಲ್ಲಿ ಒಸಡು ನೋಡದೆ ಕ್ಲಿಪ್ ಹಾಕುವುದು ಪಾಯ ನೋಡದೆ ಗೋಡೆ ಎತ್ತಿದ ಹಾಗೆ. ಒಸಡಿನ ಕಾಯಿಲೆ ಇದ್ದಾಗ ಹಲ್ಲಿನ ಸುತ್ತಲ ಮೂಳೆ ಆಗಲೇ ಸವೆಯುತ್ತಿರುತ್ತದೆ. ಅದರ ಮೇಲೆ ತಂತಿ ಎಳೆದರೆ ಸವೆತ ಇನ್ನೂ ಬೇಗ. ಬ್ರಷ್ ಮಾಡುವಾಗ ರಕ್ತ ಬರುತ್ತಿದ್ದರೆ ಸುಮ್ನೆ ಬಿಡಬೇಡಿ, ಹೇಳಿ. ಸಣ್ಣ ಅಳತೆ ಕಡ್ಡಿಯನ್ನು ಹಲ್ಲಿಗೂ ಒಸಡಿಗೂ ನಡುವೆ ಇಳಿಸಿ ಎಷ್ಟು ಆಳ ಅಂತ ನೋಡುತ್ತಾರೆ. 3 ಮಿ.ಮೀ. ವರೆಗೆ ಆದರೆ ಸಾಮಾನ್ಯ. ಜಾಸ್ತಿ ಇದ್ದರೆ ಕ್ಲೀನಿಂಗ್, ಒಸಡಿನ ಚಿಕಿತ್ಸೆ ಮೊದಲು. ಒಸಡು ಗುಣವಾಗಿ ನಿಂತ ಮೇಲೆ, ಮೂಳೆ ಸ್ವಲ್ಪ ಕಡಿಮೆ ಇದ್ದರೂ ಹುಷಾರಾಗಿ ಕ್ಲಿಪ್ ಹಾಕಬಹುದು. ಹುಳುಕು ಇದ್ದರೆ ಅದನ್ನೂ ಈಗಲೇ ತುಂಬಿಸಿ.

ಬಾಯಲ್ಲಿ ಹಳೇ ಕೆಲಸ ಇದ್ದರೆ? ರೂಟ್ ಕೆನಾಲ್ ಆದ ಹಲ್ಲು, ಕ್ಯಾಪ್ ಹಾಕಿದ ಹಲ್ಲು ಎರಡೂ ಜರುಗುತ್ತವೆ. ಇಂಪ್ಲಾಂಟ್, ಅಂದರೆ ಮೂಳೆಗೆ ತಿರುಪು ಕೂರಿಸಿ ಕಟ್ಟುವ ಕೃತಕ ಹಲ್ಲು, ಮಾತ್ರ ಜರುಗುವುದಿಲ್ಲ. ಅದಕ್ಕೆ ಆ ನಾರಿನ ಪದರ ಇಲ್ಲ, ಮೂಳೆಗೇ ಬೆಸೆದುಕೊಂಡಿರುತ್ತದೆ. ಆದ್ದರಿಂದ ಇಂಪ್ಲಾಂಟ್ ಹಾಕಿಸುವ ಯೋಚನೆ ಇದ್ದರೆ ಸಾಮಾನ್ಯವಾಗಿ ಕ್ಲಿಪ್ ಮೊದಲು, ಇಂಪ್ಲಾಂಟ್ ಆಮೇಲೆ.

ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ಮೂಳೆ ಸವೆತಕ್ಕೆ ಕೊಡುವ ಬಿಸ್ಫಾಸ್ಫೊನೇಟ್ ಮಾತ್ರೆಗಳು ಮೂಳೆ ಕರಗುವುದನ್ನೇ ತಡೆಯುತ್ತವೆ. ಮೂಳೆ ಕರಗದೆ ಹಲ್ಲು ಹೋಗುವುದಾದರೂ ಎಲ್ಲಿಗೆ, ಅಲ್ವಾ? ಸಕ್ಕರೆ ಕಾಯಿಲೆ, ಸಿಗರೇಟು, ನಿಕಲ್ ಅಲರ್ಜಿ ಯಾವುದನ್ನೂ ಮುಚ್ಚಿಡಬೇಡಿ.

ಎಕ್ಸ್‌ರೇ, ಅಳತೆ, ಪ್ರಶ್ನೆಗಳು

ಎಲ್ಲ ಹಲ್ಲು ಒಟ್ಟಿಗೆ ಕಾಣುವ ಒಪಿಜಿ ಎಕ್ಸ್‌ರೇ, ಮುಖದ ಪಕ್ಕದಿಂದ ತೆಗೆಯುವ ಇನ್ನೊಂದು ಎಕ್ಸ್‌ರೇ, ಫೋಟೋಗಳು, ಹಲ್ಲಿನ ಅಚ್ಚು ಅಥವಾ ಸ್ಕ್ಯಾನ್. ಇಷ್ಟು ಕೈಗೆ ಬಂದ ಮೇಲೇ ಡಾಕ್ಟರು ಪ್ಲಾನ್ ಹೇಳುತ್ತಾರೆ. ಆಗ ಕೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆ ಕುರ್ಚಿಯಲ್ಲಿ ಕೂತರೆ ಎಲ್ಲ ಮರೆತುಹೋಗುತ್ತದೆ.

ಹಲ್ಲು ಕೀಳಬೇಕಾ, ಯಾಕೆ? ಕೀಳದೆ, ಹಲ್ಲುಗಳ ನಡುವೆ ಸ್ವಲ್ಪ ಉಜ್ಜಿ ಜಾಗ ಮಾಡಲು ಆಗುತ್ತಾ? (ಒಂದು ಸಂದಿಯಲ್ಲಿ 0.2ರಿಂದ 0.5 ಮಿ.ಮೀ. ಅಷ್ಟೇ ಉಜ್ಜುತ್ತಾರೆ, ಕೇಳಲು ಭಯ ಅನ್ನಿಸಿದರೂ ನೋವಿಲ್ಲ.) ಎಷ್ಟು ತಿಂಗಳು? ಬ್ರಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡು) ಕಿತ್ತುಬಂದರೆ ಬೇರೆ ದುಡ್ಡಾ? ಕೊನೆಗೆ ಕೊಡುವ ರಿಟೇನರ್ ಈ ಲೆಕ್ಕದಲ್ಲೇ ಸೇರಿದೆಯಾ? ಕೊನೆಯ ಪ್ರಶ್ನೆ ಯಾರೂ ಕೇಳುವುದಿಲ್ಲ. ನೀವು ಕೇಳಿ.

ಒಂದು ಕಹಿ ಸತ್ಯವನ್ನೂ ಈಗಲೇ ತಿಳಿದಿರಿ. ಒಂದರ ಮೇಲೊಂದು ಹತ್ತಿದ್ದ ಹಲ್ಲು ನೇರವಾದಾಗ, ಒಸಡಿನ ಹತ್ತಿರ ಎರಡು ಹಲ್ಲಿನ ನಡುವೆ ಸಣ್ಣ ಕಪ್ಪು ತ್ರಿಕೋನ ಕಾಣಿಸಬಹುದು. ಅಲ್ಲಿ ತುಂಬಲು ಒಸಡು ಉಳಿದಿರುವುದಿಲ್ಲ. ಮಕ್ಕಳಿಗಿಂತ ದೊಡ್ಡವರಲ್ಲಿ ಇದು ಜಾಸ್ತಿ. ನನಗೆ ಒಂದು ಇದೆ.

ಯಾವ ಬಗೆ?

ಲೋಹದ ಬ್ರಾಕೆಟ್ ಗಟ್ಟಿ, ಎಲ್ಲ ತರದ ಹಲ್ಲಿಗೂ ಆಗುತ್ತದೆ. ಹಲ್ಲಿನ ಬಣ್ಣದ ಸೆರಾಮಿಕ್ ಕಡಿಮೆ ಕಾಣುತ್ತದೆ, ಆದರೆ ದಪ್ಪ, ತೆಗೆಯುವಾಗ ಒಡೆಯಬಹುದು. ಹಲ್ಲಿನ ಹಿಂದೆ ಅಂಟಿಸುವ ಲಿಂಗ್ವಲ್ ಹೊರಗೆ ಕಾಣುವುದೇ ಇಲ್ಲ. ಆದರೆ ನಾಲಿಗೆ ಮೊದಲ ಕೆಲವು ವಾರ ಒದ್ದಾಡುತ್ತದೆ, ಮಾತು ತೊದಲುತ್ತದೆ.

ಇನ್ನು ಪಾರದರ್ಶಕ ಅಲೈನರ್, ಅಂದರೆ ಹಲ್ಲಿನ ಮೇಲೆ ಕೂರುವ, ತೆಗೆದು ಹಾಕಬಹುದಾದ ಪ್ಲಾಸ್ಟಿಕ್ ಕವಚ. ಇದರ ಹಿಂದೆ ನನಗೆ ಇಷ್ಟವಾದ ಕಥೆ ಇದೆ. 1997ರಲ್ಲಿ ಅಲೈನ್ ಟೆಕ್ನಾಲಜಿ ಕಂಪನಿ ಶುರು ಮಾಡಿದವರಲ್ಲಿ ಒಬ್ಬರಾದ ಜಿಯಾ ಚಿಸ್ತಿ ಕೂಡ ದೊಡ್ಡವರಾದ ಮೇಲೆ ಕ್ಲಿಪ್ ಹಾಕಿಸಿಕೊಂಡವರು. ರಿಟೇನರ್ ಹಾಕದೆ ಬಿಟ್ಟಾಗ ಹಲ್ಲು ಜರುಗುವುದನ್ನು, ಮತ್ತೆ ಹಾಕಿಕೊಂಡರೆ ವಾಪಸ್ ಬರುವುದನ್ನು ಗಮನಿಸಿದರು. ಒಂದು ರಿಟೇನರ್ ಹಲ್ಲನ್ನು ಇಷ್ಟು ಸರಿಸಬಹುದಾದರೆ, ಒಂದರ ನಂತರ ಒಂದು ಹಾಕಿದರೆ? ಹಾಗೆ ಹುಟ್ಟಿದ್ದು ಆ ಕಂಪನಿಯ ಅಲೈನರ್, ಇನ್ವಿಸಲೈನ್. ನನ್ನಂತೆ ಡ್ರಾಯರ್‌ಗೆ ಹಾಕಿ ಮರೆತಿದ್ದರೆ ಕಂಪನಿಯೂ ಇರುತ್ತಿರಲಿಲ್ಲ.

ಅಲೈನರ್ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ಊಟಕ್ಕೆ, ಬ್ರಷ್‌ಗೆ ಮಾತ್ರ ತೆಗೆಯುವುದು. ವಾರಕ್ಕೋ ಎರಡು ವಾರಕ್ಕೋ ಹೊಸದು. ಶಿಸ್ತು ಇದ್ದವರಿಗೆ ಒಳ್ಳೆಯದು. ನನ್ನ ಹಳೇ ಡ್ರಾಯರ್ ನೆನೆದು ನಾನು ಲೋಹದ್ದನ್ನೇ ಹಾಕಿಸಿಕೊಂಡೆ. ಬಾಯಿಗೆ ಅಂಟಿಸಿದ್ದನ್ನು ಮರೆಯಲು ಆಗುವುದಿಲ್ಲವಲ್ಲ.

ಹಾಕುವ ದಿನ

ದವಡೆ ಹಲ್ಲಿಗೆ ಲೋಹದ ಬಳೆ ಹಾಕುವುದಿದ್ದರೆ, ಕೆಲವು ದಿನ ಮೊದಲೇ ಹಲ್ಲಿನ ಸಂದಿಗೆ ಸಣ್ಣ ರಬ್ಬರ್ ಉಂಗುರ ತುರುಕುತ್ತಾರೆ. ಸಂದಿಯಲ್ಲಿ ಏನೋ ಸಿಕ್ಕಿಹಾಕಿಕೊಂಡ ಹಾಗೆ ಅನ್ನಿಸುತ್ತದೆ, ಕಡ್ಡಿ ಹಾಕಿ ಕೀಳಬೇಡಿ.

ಅಂಟಿಸುವ ದಿನ ಒಂದೆರಡು ಗಂಟೆ ಬೇಕು. ಇಂಜೆಕ್ಷನ್ ಇಲ್ಲ. ತುಟಿ ಅಗಲಿಸುವ ಪ್ಲಾಸ್ಟಿಕ್ ಹಾಕಿ ಹಲ್ಲು ಉಜ್ಜಿ ಒಣಗಿಸುತ್ತಾರೆ. ಆಮೇಲೆ ಒಂದು ಬಣ್ಣದ ಜೆಲ್. ಅದು ಫಾಸ್ಫಾರಿಕ್ ಆಸಿಡ್. 15ರಿಂದ 30 ಸೆಕೆಂಡ್ ಬಿಟ್ಟು ತೊಳೆದರೆ ಹಲ್ಲಿನ ಹೊಳಪು ಹೋಗಿ ಸೀಮೆಸುಣ್ಣದ ಬಿಳುಪು ಬರುತ್ತದೆ. ಆ ಒರಟು ಮೈಗೇ ಅಂಟು ಹಿಡಿಯುವುದು. 1955ರಲ್ಲಿ ಮೈಕಲ್ ಬೊನೊಕೋರ್ ಎಂಬ ಅಮೆರಿಕದ ದಂತ ಸಂಶೋಧಕರು ಕಂಡುಕೊಂಡ ಉಪಾಯ ಇದು. ಅದು ಬಳಕೆಗೆ ಬರುವ ಮುಂಚೆ ಪ್ರತಿ ಹಲ್ಲಿಗೂ ಸುತ್ತ ಬಳೆ ತೊಡಿಸುತ್ತಿದ್ದರು. ಬ್ರಾಕೆಟ್ ಒತ್ತಿ, ನೀಲಿ ಬೆಳಕು ಹಿಡಿದರೆ ಅಂಟು ಕೆಲವೇ ಸೆಕೆಂಡಿನಲ್ಲಿ ಕಲ್ಲಾಗುತ್ತದೆ. ಕೊನೆಗೆ ತಂತಿ.

ಮೊದಲ ತಂತಿ ನೋಡಿದರೆ ನಗು ಬರುತ್ತದೆ, ಅಷ್ಟು ತೆಳು, ಅಷ್ಟು ಮೆತ್ತಗೆ. ನಿಕಲ್ ಟೈಟಾನಿಯಂದು. ಸೊಟ್ಟ ಹಲ್ಲುಗಳಿಗೆ ಸಿಕ್ಕಿಸಿದಾಗ ಅದೂ ಅಂಕುಡೊಂಕಾಗುತ್ತದೆ. ಆದರೆ ತನ್ನ ಮೊದಲಿನ ಕಮಾನಿನ ಆಕಾರವನ್ನು ಮರೆಯುವುದಿಲ್ಲ. ನಿಧಾನವಾಗಿ ಅಲ್ಲಿಗೆ ಮರಳುತ್ತಾ ಹಲ್ಲನ್ನೂ ಎಳೆದು ತರುತ್ತದೆ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಸಿಕ್ಕಿದ ಈ ಲೋಹ 1970ರ ದಶಕದಲ್ಲಿ ಹಲ್ಲಿನ ಡಾಕ್ಟರ ಕೈಗೆ ಬಂತು.

ಮೊದಲ ವಾರ

ಹೊರಬರುವಾಗ ಏನೂ ನೋವಿಲ್ಲ. ಇಷ್ಟೇನಾ ಅಂದುಕೊಳ್ಳುತ್ತೀರಿ. ನಾಲ್ಕಾರು ಗಂಟೆ ಬಿಟ್ಟು ಶುರು. ಮಾರನೇ ದಿನ ಜಾಸ್ತಿ, ವಾರದೊಳಗೆ ಇಳಿಯುತ್ತದೆ. ಚುಚ್ಚುವ ನೋವಲ್ಲ. ಹಲ್ಲಿಗೆ ಹಲ್ಲು ತಾಗಿಸಲು ಆಗದ ಹಾಗೆ ಜುಂ ಅನ್ನುವ ನೋವು. ಅಗಿಯದೆ ನುಂಗುವಂಥದ್ದನ್ನೇ ತಿನ್ನಿ. ನೋವಿನ ಮಾತ್ರೆ ಯಾವುದು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಹಲ್ಲಿನ ಚಲನೆಗೆ ಅಡ್ಡಿಯಾಗದಿರಲಿ ಅಂತ ಕೆಲವರು ಪ್ಯಾರಾಸಿಟಮಾಲ್ ಸಾಕು ಅನ್ನುತ್ತಾರೆ.

ಹಲ್ಲಿಗಿಂತ ಕೆನ್ನೆ, ತುಟಿ ಒಳಗಿನ ಹುಣ್ಣು ಕಾಡಿದ್ದು ನನ್ನನ್ನು. ಉಪಾಯ ಕ್ಲಿಪ್ ಜೊತೆ ಕೊಡುವ ಪುಟ್ಟ ವ್ಯಾಕ್ಸ್ (ಮೇಣ) ಡಬ್ಬಿಯಲ್ಲೇ ಇದೆ. ಬಟಾಣಿಯಷ್ಟು ತೆಗೆದು ಬೆರಳಲ್ಲಿ ಉಂಡೆ ಮಾಡಿ. ಬ್ರಾಕೆಟನ್ನು ಟಿಶ್ಯೂನಿಂದ ಚೆನ್ನಾಗಿ ಒರೆಸಿ, ಆಮೇಲೆ ಒತ್ತಿ. ಒರೆಸದಿದ್ದರೆ ಎಂಜಲಿಗೆ ಜಾರಿ ಬೀಳುತ್ತದೆ, ನೀವು ನುಂಗುತ್ತೀರಿ. ನುಂಗಿದರೂ ಏನೂ ಆಗುವುದಿಲ್ಲ. ಉಪ್ಪು ನೀರು ಮುಕ್ಕಳಿಸಿದರೆ ಹುಣ್ಣಿಗೆ ಹಾಯ್ ಅನ್ನಿಸುತ್ತದೆ.

ಹಲ್ಲು ಸ್ವಲ್ಪ ಅಲುಗಾಡುತ್ತದೆ. ಹೆದರಬೇಡಿ, ಅಲುಗಾಡದೆ ಜರುಗುವುದು ಹೇಗೆ? ಆಫೀಸಿನಲ್ಲಿ ಮೊದಲ ದಿನ ಎಲ್ಲರೂ ಕೇಳುತ್ತಾರೆ. ಎರಡನೇ ವಾರದಿಂದ ಯಾರಿಗೂ ನೆನಪೇ ಇರುವುದಿಲ್ಲ.

ಆಮೇಲಿನ ತಿಂಗಳುಗಳು

ನಾಲ್ಕರಿಂದ ಎಂಟು ವಾರಕ್ಕೊಮ್ಮೆ ಹೋಗಬೇಕು. ತಂತಿ ದಪ್ಪವಾಗುತ್ತಾ, ದುಂಡಗಿದ್ದದ್ದು ಚೌಕವಾಗುತ್ತಾ, ಕೊನೆಗೆ ಸ್ಟೀಲ್‌ಗೆ ಬರುತ್ತದೆ. ನಡುವೆ ಮೇಲಿನ ಹಲ್ಲಿಂದ ಕೆಳಗಿನ ಹಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳಲು ಹೇಳಬಹುದು. ಅದು ಪೂರ್ತಿ ನಿಮ್ಮ ಕೈಯಲ್ಲಿರುವ ಕೆಲಸ. ಹಾಕದಿದ್ದರೆ ತಿಂಗಳುಗಳು ಸುಮ್ನೆ ಕಳೆಯುತ್ತವೆ. ಒಟ್ಟು ಒಂದೂವರೆಯಿಂದ ಎರಡು ವರ್ಷ ಅಂದುಕೊಳ್ಳಿ, ಕೆಲವರಿಗೆ ಇನ್ನೂ ಜಾಸ್ತಿ.

ಬ್ರಷ್ ಮಾಡುವುದೇ ಈಗ ದೊಡ್ಡ ಕೆಲಸ. ಬ್ರಾಕೆಟಿನ ಮೇಲ್ಭಾಗ ಒಂದು ಸಲ, ಕೆಳಭಾಗ ಒಂದು ಸಲ, ಬ್ರಷ್ ಓರೆ ಹಿಡಿದು. ತಂತಿಯ ಅಡಿಗೆ ಸಣ್ಣ ಬಾಟಲಿ ಬ್ರಷ್‌ನಂಥದ್ದು ತೂರಿಸಿ. ಫ್ಲೋರೈಡ್ ಇರುವ ಪೇಸ್ಟ್ ಇರಲಿ. ಇದರಲ್ಲಿ ಸೋಮಾರಿತನ ಮಾಡಿದರೆ ಕ್ಲಿಪ್ ತೆಗೆದ ದಿನ ಬ್ರಾಕೆಟ್ ಇದ್ದ ಜಾಗದ ಸುತ್ತ ಬಿಳಿ ಮಚ್ಚೆ ಕಾಣುತ್ತದೆ. ಅದು ಹುಳುಕಿನ ಮೊದಲ ಹೆಜ್ಜೆ, ಪೂರ್ತಿ ಹೋಗುವುದು ಕಷ್ಟ. ಐಸ್ ಕಡಿಯುವುದು, ಪೆನ್ನು ಕಚ್ಚುವುದು, ಅಂಟು ಮಿಠಾಯಿ ಬಿಡಿ. ತಂತಿಯ ತುದಿ ಕೆನ್ನೆಗೆ ಚುಚ್ಚಿದರೆ ವ್ಯಾಕ್ಸ್ ಹಚ್ಚಿ ಫೋನ್ ಮಾಡಿ, ಮುಂದಿನ ಭೇಟಿವರೆಗೆ ಸಹಿಸಿಕೊಂಡು ಕೂರಬೇಡಿ.

ತೆಗೆದ ಮೇಲೆ

ತೆಗೆಯುವುದು ಹಾಕುವುದಕ್ಕಿಂತ ಸುಲಭ. ಇಕ್ಕಳದಿಂದ ಹಿಂಡಿದರೆ ಟಕ್ ಅಂತ ಬರುತ್ತದೆ. ಉಳಿದ ಅಂಟು ಉಜ್ಜಿ ಪಾಲಿಶ್ ಮಾಡುತ್ತಾರೆ. ನಾಲಿಗೆಗೆ ಹಲ್ಲು ನುಣುಪಾಗಿ, ವಿಚಿತ್ರವಾಗಿ ಸಿಗುತ್ತದೆ.

ಆದರೆ ಹಲ್ಲಿನ ಸುತ್ತಲ ನಾರುಗಳಿಗೆ ಇನ್ನೂ ಹಳೇ ಜಾಗದ ಕಡೆಗೇ ಎಳೆತ. ಒಸಡಿನ ನಾರುಗಳು ಹೊಸ ಜಾಗಕ್ಕೆ ಒಗ್ಗಲು ಒಂದು ವರ್ಷವೂ ಹಿಡಿಯಬಹುದು. ಸಾಲದ್ದಕ್ಕೆ, ಕ್ಲಿಪ್ ಹಾಕಿಸದವರ ಕೆಳಗಿನ ಹಲ್ಲೂ ವಯಸ್ಸಾದಂತೆ ಒತ್ತೊತ್ತಾಗುತ್ತಾ ಹೋಗುತ್ತದೆ. ಅದಕ್ಕೇ ರಿಟೇನರ್. ಮುಂದಿನ ಹಲ್ಲುಗಳ ಹಿಂದೆ ಸಣ್ಣ ತಂತಿ ಅಂಟಿಸುವುದು ಒಂದು ಬಗೆ, ತೆಗೆದು ಹಾಕುವ ಪ್ಲಾಸ್ಟಿಕ್ಕಿನದು ಇನ್ನೊಂದು. ನನಗೆ ಕೆಳಗೆ ತಂತಿ, ಮೇಲೆ ಪ್ಲಾಸ್ಟಿಕ್. ಮೊದಲ ಕೆಲವು ತಿಂಗಳು ಹಗಲು ರಾತ್ರಿ, ಆಮೇಲೆ ರಾತ್ರಿ ಮಾತ್ರ. ಎಷ್ಟು ವರ್ಷ ಅಂತ ಕೇಳಿದೆ. "ಹಲ್ಲು ನೇರ ಇರಬೇಕು ಅನ್ನಿಸುವವರೆಗೆ" ಅಂದರು ಡಾಕ್ಟರು.

ಪ್ಲಾಸ್ಟಿಕ್ ರಿಟೇನರನ್ನು ಬಿಸಿನೀರಲ್ಲಿ ತೊಳೆಯಬೇಡಿ, ಆಕಾರ ಕೆಡುತ್ತದೆ. ಊಟಕ್ಕೆ ತೆಗೆದಾಗ ಟಿಶ್ಯೂನಲ್ಲಿ ಸುತ್ತಿ ಮೇಜಿನ ಮೇಲೆ ಇಡಬೇಡಿ, ತಟ್ಟೆ ಎತ್ತುವವರು ಅದನ್ನೂ ಕಸಕ್ಕೆ ಎಸೆಯುತ್ತಾರೆ. ಕಳೆದರೆ ಅಥವಾ ಒಡೆದರೆ ಅದೇ ವಾರ ಹೊಸದು ಮಾಡಿಸಿ. ನಾಲ್ಕು ದಿನ ಬಿಟ್ಟು ಹಾಕಿದಾಗ ಬಿಗಿ ಅನ್ನಿಸಿದರೆ ಹಲ್ಲು ಆಗಲೇ ಹೊರಟಿದೆ ಅಂತ ಅರ್ಥ. ನನ್ನ ಡಬ್ಬಿ ಈಗ ಡ್ರಾಯರ್‌ನಲ್ಲಿಲ್ಲ. ಟೂತ್‌ಬ್ರಷ್ ಪಕ್ಕದಲ್ಲಿ, ಮುಚ್ಚಳ ತೆರೆದೇ ಇದೆ.