ಕರ್ಬಲ್‌ನಲ್ಲಿ ಫೋಬೋಸ್ ಕಟ್ಟುವುದು ಹೇಗೆ

50 ಅಡಿ ಎತ್ತರದ ಅಡಿಕೆ ಮರದಿಂದ ಒಂದು ಹಣ್ಣಡಿಕೆ ಕಳಚಿದರೆ ನೆಲ ಮುಟ್ಟಲು ಎರಡು ಸೆಕೆಂಡೂ ಬೇಡ. ಅದೇ ಮರ ಮಂಗಳನ ಚಂದ್ರ ಫೋಬೋಸ್ ಮೇಲಿದ್ದಿದ್ದರೆ? ಸುಮಾರು 73 ಸೆಕೆಂಡ್. ಕೆಳಗೆ ನಿಂತವರು ಆರಾಮಾಗಿ ಎಲೆ ಅಡಿಕೆ ಹಾಕಿಕೊಂಡು ಕಾಯಬಹುದು. ಕಂಪ್ಯೂಟರ್ ಆಟದೊಳಗೆ ಫೋಬೋಸ್ ಕಟ್ಟುವಾಗ ಈ ನಿಧಾನ ಕೈಬಿಟ್ಟು ಹೋಗಬಾರದು, ಉಳಿದದ್ದೆಲ್ಲ ಆಮೇಲೆ.

ತೀರ್ಥಹಳ್ಳಿ ಕಡೆ ಆಷಾಢದ ಮಳೆ ಹಿಡಿದರೆ ತೋಟದ ಕೆಲಸ ನಿಲ್ಲುತ್ತದೆ. ಹೋದ ಮಳೆಗಾಲ ಹಾಗೆ ಸಿಕ್ಕ ರಾತ್ರಿಗಳಲ್ಲಿ ಕರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ರಾಕೆಟ್ ಹಾರಿಸುವ ಆಟದಲ್ಲಿ, ಮಂಗಳನ ಹಾಗೇ ಇರುವ ಡ್ಯೂನಾ ಗ್ರಹಕ್ಕೆ ನಾನೊಂದು ಫೋಬೋಸ್ ಮಾಡಿದೆ. ಮಾಡುವ ದಾರಿ ಹೇಳುತ್ತೇನೆ, ನಾನು ಎಡವಿದ ಕಡೆ ನೀವು ಎಡವಬೇಡಿ.

ಮೊದಲು ಕೋಪರ್ನಿಕಸ್ ಮಾಡ್ (ಆಟಕ್ಕೆ ಹೊಸ ಗ್ರಹ, ಚಂದ್ರ ಸೇರಿಸಲು ಬಿಡುವ ಹೆಚ್ಚುವರಿ ತಂತ್ರಾಂಶ) ಹಾಕಿಕೊಳ್ಳಿ, ಜೊತೆಗೆ ಮಾಡ್ಯೂಲ್ ಮ್ಯಾನೇಜರ್ ಬೇಕು. ಆಟದ ಆವೃತ್ತಿಗೂ ಕೋಪರ್ನಿಕಸ್ ಆವೃತ್ತಿಗೂ ಹೊಂದಿಕೆ ಆಗಲೇಬೇಕು. ಗೇಮ್‌ಡೇಟಾ ಫೋಲ್ಡರ್ ಒಳಗೆ ನಿಮ್ಮದೇ ಒಂದು ಫೋಲ್ಡರ್ ಮಾಡಿ, ಅದರಲ್ಲಿ ನೋಟ್‌ಪ್ಯಾಡ್‌ನಲ್ಲಿ ಬರೆದ ಒಂದು ಕಾನ್ಫಿಗ್ ಫೈಲ್ ಇಡಿ, ಮುಂದೆ ಹೇಳುವ ಸಾಲುಗಳೆಲ್ಲ ಅದರಲ್ಲೇ. ಅಚ್ಚಿಗೆ ಆಟದಲ್ಲೇ ಇರುವ ಗಿಲ್ಲಿ ಎಂಬ ಪುಟ್ಟ ಚಂದ್ರನನ್ನು ತೆಗೆದುಕೊಳ್ಳಿ. ಆದರೆ ಗಿಲ್ಲಿಯ ನೆಲದ ಮಾಡ್‌ಗಳನ್ನೆಲ್ಲ (ನೆಲಕ್ಕೆ ಆಕಾರ ಕೊಡುವ ಭಾಗಗಳಿಗೂ ಮಾಡ್ ಅಂತಲೇ ಹೆಸರು) ತೆಗೆದುಹಾಕುವ ಸಾಲನ್ನೂ ಬರೆಯಿರಿ, ಇಲ್ಲದಿದ್ದರೆ ಫೋಬೋಸ್ ಮೈಮೇಲೆ ಗಿಲ್ಲಿಯ ಗುಡ್ಡಗಳು ಎದ್ದಿರುತ್ತವೆ.

ಇನ್ನು ಅಳತೆ. ನಿಜವಾದ ಫೋಬೋಸ್ ಸುಮಾರು 27, 22, 18 ಕಿಮೀ ಇರುವ ಒಂದು ಆಲೂಗಡ್ಡೆ. ಮಂಗಳನ ಕೇಂದ್ರದಿಂದ 9,376 ಕಿಮೀ ದೂರದಲ್ಲಿ 7 ಗಂಟೆ 39 ನಿಮಿಷಕ್ಕೊಂದು ಸುತ್ತು ಹಾಕುತ್ತದೆ. ಮಂಗಳ ತಿರುಗುವುದಕ್ಕಿಂತ ಇದು ಜೋರಾಗಿ ಓಡುವುದರಿಂದ ಅಲ್ಲಿ ನಿಂತವರಿಗೆ ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತದೆ. ಡ್ಯೂನಾದ ಅಡ್ಡಳತೆ ಮಂಗಳನ ಹತ್ತನೇ ಒಂದು ಪಾಲಿಗಿಂತ ಚೂರು ಕಡಿಮೆ, ಹಾಗಾಗಿ ನಾನು ದೂರವನ್ನು ಅದೇ ಲೆಕ್ಕದಲ್ಲಿ ಕುಗ್ಗಿಸಿ 886 ಕಿಮೀ ಇಟ್ಟೆ. ಆಗ ಒಂದು ಸುತ್ತಿಗೆ 2 ಗಂಟೆ 39 ನಿಮಿಷ, ಡ್ಯೂನಾದ ದಿನ 18 ಗಂಟೆ. ಪಶ್ಚಿಮದಲ್ಲಿ ಹುಟ್ಟುವುದು ಹಾಗೇ ಉಳಿಯಿತು. ಅಲ್ಲಿರುವ ಇನ್ನೊಂದು ಚಂದ್ರ ಐಕ್ 3,200 ಕಿಮೀ ಆಚೆ ಇದೆ, ಅದರ ತಂಟೆ ಇಲ್ಲ. ಫೋಬೋಸ್ ಗಾತ್ರ ಮಾತ್ರ ಕುಗ್ಗಿಸಬೇಡಿ. ಒಂದು ಕಿಲೋಮೀಟರ್ ಬಂಡೆ ಮೇಲೆ ಇಳಿದರೆ ಏನು ಖುಷಿ ಸಿಗುತ್ತೆ ಹೇಳಿ?

ದ್ರವ್ಯರಾಶಿಗೆ 1066 ಬರೆದು ಮುಂದೆ 13 ಸೊನ್ನೆ ಹಾಕಿ, ಅದು ಕೆಜಿಯಲ್ಲಿ. ಗುರುತ್ವದ ಸಾಲನ್ನು ಬೇರೆ ಬರೆಯಬೇಡಿ, ಎರಡರಲ್ಲಿ ಒಂದೇ ಇರಲಿ. ಗುರುತ್ವ ಸೆಕೆಂಡಿಗೆ ಸೆಕೆಂಡಿಗೆ 0.0057 ಮೀಟರ್ ಆಸುಪಾಸು ಬರಬೇಕು. ಗಿಲ್ಲಿಯದ್ದು ಇದಕ್ಕಿಂತ ಎಂಟು ಪಟ್ಟು ಜಾಸ್ತಿ. ಇಳಿಯಲು ಸುಲಭ ಆಗಲಿ ಅಂತ ಈ ಅಂಕಿ ಏರಿಸುವ ಆಸೆ ಬರುತ್ತದೆ. ದಯವಿಟ್ಟು ಬೇಡ.

ಈಗ ಆಕಾರ, ಜಾಸ್ತಿ ಹೊತ್ತು ತಿನ್ನುವುದು ಇದೇ. ಮಾರ್ಸ್ ಎಕ್ಸ್‌ಪ್ರೆಸ್ ನೌಕೆಯ ಚಿತ್ರಗಳಿಂದ ಮಾಡಿದ ಫೋಬೋಸ್‌ನ ಎತ್ತರದ ನಕ್ಷೆ ಯುಎಸ್ ಜಿಯಾಲಾಜಿಕಲ್ ಸರ್ವೆಯಲ್ಲಿ ಪುಕ್ಕಟೆ ಸಿಗುತ್ತದೆ, ಪಿಕ್ಸೆಲ್‌ಗೆ ಸುಮಾರು 100 ಮೀಟರ್. ಅದನ್ನು ಚಿತ್ರ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ ತೆರೆದು, ಅಗಲ ಎತ್ತರದ ಎರಡರಷ್ಟು ಇರುವ ಕಪ್ಪು ಬಿಳುಪು ಚಿತ್ರ ಮಾಡಿ. ಕೇಂದ್ರದಿಂದ 8 ಕಿಮೀ ಅಂದರೆ ಪೂರ್ತಿ ಕಪ್ಪು, 14 ಕಿಮೀ ಅಂದರೆ ಪೂರ್ತಿ ಬಿಳುಪು. ಕಾನ್ಫಿಗ್‌ನಲ್ಲಿ ತ್ರಿಜ್ಯ 8,000 ಮೀಟರ್, ಅದರ ಮೇಲೆ ಏರಿಳಿತ 6,000 ಮೀಟರ್. ಹೀಗೆ ಮಾಡಿದರೆ ನೆಲ ಎಲ್ಲೂ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ.

ನಾನು ದೊಡ್ಡ ಚಿತ್ರವೇ ಒಳ್ಳೆಯದು ಅಂದುಕೊಂಡು 8192 ಪಿಕ್ಸೆಲ್ ಅಗಲಕ್ಕೆ ಹಿಗ್ಗಿಸಿದ್ದೆ. ಇಳಿದು ನೋಡಿದರೆ ಚಂದ್ರನ ತುಂಬಾ ನಮ್ಮ ಗುಡ್ಡದ ಇಳಿಜಾರಿನ ಗದ್ದೆಗಳ ಹಾಗೆ ಮೆಟ್ಟಿಲು! ಕಾರಣ ಹುಡುಕಲು ಎರಡು ರಾತ್ರಿ ಹೋಯಿತು. ಬೂದು ಬಣ್ಣದಲ್ಲಿ ಕಪ್ಪಿನಿಂದ ಬಿಳುಪಿಗೆ 255 ಹೆಜ್ಜೆ ಮಾತ್ರ, 6,000 ಮೀಟರನ್ನು ಅದರಿಂದ ಭಾಗಿಸಿದರೆ ಒಂದು ಹೆಜ್ಜೆಗೆ 23 ಮೀಟರ್ ಮೇಲೆ. ದೊಡ್ಡ ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ ಎಂಟೂವರೆ ಮೀಟರ್ ಜಾಗ, ಅಷ್ಟರಲ್ಲೇ 23 ಮೀಟರ್ ಏರಬೇಕು, ಗೋಡೆ ಆಗದೆ ಇನ್ನೇನಾಗುತ್ತೆ? 1024 ಅಗಲಕ್ಕೆ ಇಳಿಸಿದೆ. ಅದೇ ಹೆಜ್ಜೆ 68 ಮೀಟರ್‌ಗೆ ಹರಡಿಕೊಂಡು ಸಾಧಾರಣ ಇಳಿಜಾರಾಯಿತು. ಮೇಲಿಂದ ಸಣ್ಣ ಉಬ್ಬುತಗ್ಗಿನ ಸಿಂಪ್ಲೆಕ್ಸ್ ಮಾಡ್ ಒಂದು ಉದುರಿಸಿದರೆ ಮೆಟ್ಟಿಲಿನ ಗುರುತೂ ಸಿಗುವುದಿಲ್ಲ.

ಇನ್ನೊಂದು ಮಾತು. ನಕ್ಷೆ ಬದಲಿಸಿದಾಗಲೆಲ್ಲ ಕ್ಯಾಶ್ ಫೋಲ್ಡರ್‌ನಲ್ಲಿರುವ ಆ ಚಂದ್ರನ ಫೈಲ್ ಅಳಿಸಿ. ನಾನು ಅಳಿಸಿರಲಿಲ್ಲ. ದೂರದಿಂದ ನೋಡಿದರೆ ಹಳೆಯ ಆಕಾರ, ಹತ್ತಿರ ಹೋದರೆ ಹೊಸದು ಫಕ್ಕನೆ ಎದ್ದು ಬರುತ್ತಿತ್ತು.

ಬಣ್ಣಕ್ಕೆ ಬಚ್ಚಲೊಲೆ ನೋಡಿ. ಹಂಡೆಯ ತಳದ ಮಸಿಗೆ ಸ್ವಲ್ಪ ಬೂದಿ ಬೆರೆತರೆ ಹೇಗಿರುತ್ತೆ, ಹಾಗೆ. ಬಿದ್ದ ಬೆಳಕಿನಲ್ಲಿ 100ಕ್ಕೆ 7 ಪಾಲು ಮಾತ್ರ ಫೋಬೋಸ್ ಹಿಂದಕ್ಕೆ ಕೊಡುತ್ತದೆ. ಅದಕ್ಕೆ ಅಡಿಕೆ ಬೇಯಿಸಿದ ಚೊಗರಿನ ಕೆಂಪು ಒಂದೇ ಒಂದು ಹನಿ ಬಿದ್ದ ಹಾಗೆ ಮಾಡಿ, ಸಾಕು. ಹೋಲಿಸಲು ನಮ್ಮ ಮಂಗಳಯಾನ 2020ರ ಜುಲೈ 1ರಂದು 4,200 ಕಿಮೀ ದೂರದಿಂದ ತೆಗೆದ ಫೋಟೋ ಪಕ್ಕದಲ್ಲಿಟ್ಟುಕೊಳ್ಳಿ. ಅದರಲ್ಲಿ ಸ್ಟಿಕ್ನಿ ಕುಳಿ ಚೆನ್ನಾಗಿ ಕಾಣುತ್ತದೆ, 9 ಕಿಮೀ ಅಗಲ. 1877ರ ಆಗಸ್ಟ್‌ನಲ್ಲಿ ಫೋಬೋಸ್ ಕಂಡುಹಿಡಿದ ಆಸಫ್ ಹಾಲ್, ಹುಡುಕಿ ಹುಡುಕಿ ಸೋತು ಕೈಬಿಡುವುದರಲ್ಲಿದ್ದಾಗ ಮತ್ತೆ ನೋಡು ಅಂತ ಹುರಿದುಂಬಿಸಿದ್ದು ಹೆಂಡತಿ ಆಂಜಲಿನ್ ಸ್ಟಿಕ್ನಿ. ಆ ಕುಳಿ ಸರಿಯಾಗಿ ಬರುವ ತನಕ ನನಗೆ ಸಮಾಧಾನ ಆಗಲಿಲ್ಲ. ಮೈಮೇಲಿನ ಉದ್ದುದ್ದ ಗೀರುಗಳು ತೋಟದ ಬಸಿಗಾಲುವೆಗಳ ಹಾಗೆ ಸಾಲಾಗಿ ಇವೆ, 100ರಿಂದ 200 ಮೀಟರ್ ಅಗಲ, ಆಳ 30 ಮೀಟರ್ ಒಳಗೆ. ಎತ್ತರದ ನಕ್ಷೆಗೆ ಅವು ಸಿಗವು, ನಾರ್ಮಲ್ ಮ್ಯಾಪ್‌ನಲ್ಲಿ (ನೆರಳು ಬೆಳಕಿನಲ್ಲೇ ಉಬ್ಬುತಗ್ಗು ತೋರಿಸುವ ಚಿತ್ರ) ಕೈಯಲ್ಲೇ ಗೀರಿ.

ಒಂದೇ ಮುಖ ಡ್ಯೂನಾ ಕಡೆ ಇರುವಂತೆ ಟೈಡಲ್ ಲಾಕ್ ಸಾಲು ಹಾಕಿ. ಆಮೇಲೆ ಆರಂಭದ ತಿರುವಿನ ಅಂಕಿಯನ್ನು ಬದಲಿಸುತ್ತಾ ಹೋಗಿ, 27 ಕಿಮೀ ಉದ್ದದ ಮೂತಿ ಸೀದಾ ಡ್ಯೂನಾಕ್ಕೆ ನೆಟ್ಟಗಾಗಬೇಕು.

ಪ್ರಭಾವ ವಲಯ, ಅಂದರೆ ಆಟದಲ್ಲಿ ಚಂದ್ರನ ಸೆಳೆತ ಎಷ್ಟು ದೂರದವರೆಗೆ ನಡೆಯುತ್ತದೆ ಅನ್ನುವ ಅಂಕಿ, ಬರೆಯದೆ ಬಿಟ್ಟರೆ ಎಲ್ಲ ಹಾಳು. ಆಟ ತಾನೇ ಲೆಕ್ಕ ಹಾಕಿದರೆ 5 ಕಿಮೀ ಬರುತ್ತದೆ, ಅಂದರೆ ಚಂದ್ರನ ಹೊಟ್ಟೆಯೊಳಗೆ! ನೆಲದ ಮೇಲೆ ಫೋಬೋಸ್‌ನ ಸೆಳೆತವೇ ಇರುವುದಿಲ್ಲ. ಕೈಯಾರೆ 40,000 ಮೀಟರ್ ಬರೆಯಿರಿ. ನಿಜದಲ್ಲಿ ಮಂಗಳನ ಎಳೆತ ಎಷ್ಟಿದೆ ಅಂದರೆ ಫೋಬೋಸ್ ಕೇಂದ್ರದಿಂದ 16 ಕಿಮೀ ದಾಟಿದರೆ ಅದರ ಹಿಡಿತ ತಪ್ಪುತ್ತದೆ, ಸುಮ್ನೆ ಸುತ್ತು ಹಾಕಿಕೊಂಡಿರಲು ಆಗುವುದಿಲ್ಲ. ಆಟದಲ್ಲಿ 25 ಕಿಮೀಯಲ್ಲಿ ಸೆಕೆಂಡಿಗೆ 5.3 ಮೀಟರ್ ವೇಗದಲ್ಲಿ ಸುತ್ತಬಹುದು. ಇದೊಂದು ರಾಜಿ ಮಾಡಿಕೊಳ್ಳಲೇಬೇಕು.

ಇಳಿಯುವಾಗ ದೊಡ್ಡ ಎಂಜಿನ್ ಮುಟ್ಟಬೇಡಿ. ಒಂದು ಟನ್ ನೌಕೆ ಅಲ್ಲಿ ಒತ್ತುವುದು ಇಲ್ಲಿ ಅರ್ಧ ಕೆಜಿ ಬೆಲ್ಲ ಒತ್ತುವುದಕ್ಕಿಂತ ಚೂರು ಜಾಸ್ತಿ ಅಷ್ಟೇ. ನೌಕೆಯನ್ನು ಮೆಲ್ಲಗೆ ತಳ್ಳುವ ಸಣ್ಣ ಆರ್‌ಸಿಎಸ್ ಜೆಟ್‌ಗಳೇ ಸಾಕು. ಮೊದಲ ಸಲ ನಾನು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಇಳಿದೆ, ಕಾಲಿನ ಸ್ಪ್ರಿಂಗ್ 1 ಮೀಟರ್ ವೇಗದಲ್ಲಿ ವಾಪಸ್ ಎಸೆಯಿತು. ನೌಕೆ 88 ಮೀಟರ್ ಮೇಲೆ ಹೋಗಿ ಮತ್ತೆ ನೆಲ ಮುಟ್ಟಲು ಹತ್ತಿರ ಹತ್ತಿರ ಆರು ನಿಮಿಷ. ಅಷ್ಟರಲ್ಲಿ ಕರೆಂಟ್ ಹೋಯಿತು. ಕಾಲಿನ ಸ್ಪ್ರಿಂಗ್ ಸಡಿಲ ಮಾಡಿ, ವೇಗ ಅರ್ಧ ಮೀಟರ್ ಒಳಗಿರಲಿ, ಇಳಿಯುವ ಮೊದಲು ಎಫ್5 ಒತ್ತಿ ಸೇವ್ ಮಾಡಿ.

ಇಳಿಯಲು ಸ್ಟಿಕ್ನಿಯ ತಳವನ್ನೇ ಆರಿಸಿ. ಇಳಿದು ನಿಂತು ಕ್ಯಾಮೆರಾ ಮೇಲೆತ್ತಿದರೆ ಡ್ಯೂನಾ ಆಕಾಶದಲ್ಲಿ 42 ಡಿಗ್ರಿ ತುಂಬಿಕೊಂಡಿರುತ್ತದೆ, ನಮ್ಮ ಹುಣ್ಣಿಮೆ ಚಂದ್ರನ 80 ಪಟ್ಟು ಅಗಲ. ದೂರವನ್ನು ಲೆಕ್ಕದಲ್ಲಿ ಕುಗ್ಗಿಸಿದ್ದು ಇದಕ್ಕೇ. ನಿಜವಾದ ಫೋಬೋಸ್ ಮೇಲೆ ನಿಂತರೂ ಮಂಗಳ ಕಾಣುವುದು ಇಷ್ಟೇ ದೊಡ್ಡದಾಗಿ.