ಓಪನ್ ಸೋರ್ಸ್ ಕೆಲಸಕ್ಕೆ ಕೈ ಹಾಕುವುದು ಹೇಗೆ: ಒಂದು ಕನ್ನಡ ಪದದಿಂದ ಶುರು ಮಾಡಿ

ಹಾಸನದ ಬಿ.ಎಂ. ರಸ್ತೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಕರಪತ್ರ, ಮದುವೆ ಕಾರ್ಡು, ಕಾಲೇಜಿನವರ ಪ್ರಾಜೆಕ್ಟ್ ರಿಪೋರ್ಟು, ಎಲ್ಲವನ್ನೂ ಬರಹಕ್ಕೆ ಲಿಬ್ರೆಆಫೀಸ್, ಚಿತ್ರಕ್ಕೆ ಇಂಕ್‌ಸ್ಕೇಪ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗಳಲ್ಲೇ ಮಾಡುತ್ತೇನೆ. ಓಪನ್ ಸೋರ್ಸ್ ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ, ಯಾರು ಬೇಕಾದರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್. ರಿಪೋರ್ಟಿಗೆ ಬೈಂಡಿಂಗ್ ಹಾಕಿಸಲು ಬರುವ ಇಂಜಿನಿಯರಿಂಗ್ ಹುಡುಗ ಹುಡುಗಿಯರು ಆಗಾಗ ಕೇಳುತ್ತಾರೆ: "ಅಣ್ಣ, ಓಪನ್ ಸೋರ್ಸ್‌ಗೆ ಕಾಂಟ್ರಿಬ್ಯೂಟ್ ಮಾಡ್ಬೇಕು, ಎಲ್ಲಿಂದ ಶುರು ಮಾಡ್ಲಿ?" ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡ ಹೆಸರಿನ ಪ್ರಾಜೆಕ್ಟ್ ಹುಡುಕಿಕೊಂಡು ಹೋಗಬೇಡಿ. ನೀವು ದಿನಾ ಬಳಸುವ ಸಾಫ್ಟ್‌ವೇರ್‌ನಲ್ಲಿ ನಿಮಗೆ ಕಿರಿಕಿರಿ ಮಾಡುವುದು ಏನು ಅಂತ ನೋಡಿ. ಕನ್ನಡ ಬಲ್ಲವರಿಗೆ ಇಲ್ಲೊಂದು ಅನುಕೂಲ ಇದೆ. ಒಂದು ಒತ್ತಕ್ಷರ ತಪ್ಪಾಗಿ ಮೂಡಿದರೆ ಜರ್ಮನಿಯಲ್ಲಿ ಕೂತ ಪ್ರೋಗ್ರಾಮರ್‌ಗೆ ಅದು ಗೊತ್ತೇ ಆಗುವುದಿಲ್ಲ. ನಿಮ್ಮ ಕಣ್ಣಿಗೆ ತಕ್ಷಣ ಬೀಳುತ್ತದೆ, ಅಲ್ವಾ?

ರ‍್ಯಾಂಕ್ ಅನ್ನುವ ಪದವನ್ನೇ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ (ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡುವ ಪದ್ಧತಿ) ರ, ಹಲಂತ (್ ಚಿಹ್ನೆ), ಯ ಒಟ್ಟಿಗೆ ಬಂದರೆ ಅರ್ಕಾವೊತ್ತು ಮೂಡುತ್ತದೆ. ಸೂರ್ಯ, ಕಾರ್ಯ ಬರುವುದು ಹಾಗೆ. ರ‍್ಯಾಂಕ್‌ನಲ್ಲಿ ರ ಪೂರ್ತಿ ನಿಲ್ಲಬೇಕು, ಯ ಒತ್ತಾಗಬೇಕು. ಅದಕ್ಕೆ ರ ಆದ ಮೇಲೆ, ಹಲಂತಕ್ಕಿಂತ ಮೊದಲು, ಜೀರೋ ವಿಡ್ತ್ ಜಾಯಿನರ್ ಎಂಬ ಗುರುತು ಹಾಕಬೇಕು. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಫೈಲಿನಲ್ಲಿ ಇರುತ್ತದೆ. ಹಾಕಿದ ಮೇಲೂ ಅರ್ಕಾವೊತ್ತೇ ಬಂದರೆ ಎಲ್ಲೋ ತಪ್ಪಿದೆ.

ಎಲ್ಲಿ ಅಂತ ಕಂಡುಹಿಡಿಯುವುದೇ ನಿಮ್ಮ ಮೊದಲ ಕೆಲಸ. ಅದೇ ಪದವನ್ನು ಬೇರೆ ಫಾಂಟ್‌ಗಳಲ್ಲಿ, ಬೇರೆ ಸಾಫ್ಟ್‌ವೇರ್‌ಗಳಲ್ಲಿ ಹಾಕಿ ನೋಡಿ. ಒಂದು ಫಾಂಟ್ ಮಾತ್ರ ಎಲ್ಲಾ ಕಡೆ ಕೆಟ್ಟರೆ ದೋಷ ಹೆಚ್ಚಾಗಿ ಫಾಂಟಿನದು. ಎಲ್ಲಾ ಫಾಂಟೂ ಒಂದೇ ಸಾಫ್ಟ್‌ವೇರ್‌ನಲ್ಲಿ ಕೆಟ್ಟರೆ ದೋಷ ಆ ಸಾಫ್ಟ್‌ವೇರ್‌ನದು. ಲಿಬ್ರೆಆಫೀಸ್, ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ನಾಲ್ಕೂ ಅಕ್ಷರ ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್ ಎಂಬ ಒಂದೇ ಲೈಬ್ರರಿಗೆ (ಬೇರೆ ಸಾಫ್ಟ್‌ವೇರ್‌ಗಳು ಒಳಗೆ ಬಳಸಿಕೊಳ್ಳುವ ಕೋಡ್) ಬಿಟ್ಟಿವೆ. ಅಲ್ಲಿ ಒಂದು ತಪ್ಪು ಸರಿಯಾದರೆ ಎಷ್ಟೋ ಮನೆಗಳ ಮೊಬೈಲ್‌ನಲ್ಲಿ ಕನ್ನಡ ನೆಟ್ಟಗಾಗುತ್ತದೆ. ಇದನ್ನು ಸಣ್ಣ ಕೆಲಸ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಆಮೇಲೆ ಬಗ್ ರಿಪೋರ್ಟ್, ಅಂದರೆ ತಪ್ಪಿನ ದೂರು, ಬರೆಯಿರಿ. ಲಿಬ್ರೆಆಫೀಸ್‌ಗೆ ದೂರು ಹಾಕಲು ಬಗ್‌ಜಿಲ್ಲಾ ಎಂಬ ತಾಣ ಇದೆ, ಗೂಗಲ್‌ನ ನೋಟೋ ಕನ್ನಡ ಫಾಂಟ್‌ಗಳಿಗೆ ಗಿಟ್‌ಹಬ್‌ನಲ್ಲಿ (ಪ್ರಾಜೆಕ್ಟ್‌ಗಳ ಕೋಡ್ ಇಡುವ ತಾಣ) ಇಶ್ಯೂ, ಅಂದರೆ ದೂರು, ಹಾಕಬೇಕು. ಅದಕ್ಕೂ ಮೊದಲು ಇದೇ ದೂರನ್ನು ಬೇರೆಯವರು ಕೊಟ್ಟಿದ್ದಾರಾ ಅಂತ ಹುಡುಕಿ. "ಕನ್ನಡ ಸರಿಯಾಗಿ ಬರುತ್ತಿಲ್ಲ" ಅಂತ ಬರೆದರೆ ಯಾರಿಗೂ ಏನೂ ಮಾಡಲು ಆಗುವುದಿಲ್ಲ. ಸಾಫ್ಟ್‌ವೇರ್‌ನ ವರ್ಷನ್, ಫಾಂಟಿನ ಹೆಸರು ಮತ್ತು ವರ್ಷನ್, ವಿಂಡೋಸಾ ಲಿನಕ್ಸಾ, ಎಲ್ಲಾ ಇರಲಿ. ಏನು ಮಾಡಿದಿರಿ, ಏನು ಬರಬೇಕಿತ್ತು, ಏನು ಬಂತು, ಮೂರನ್ನೂ ಬೇರೆ ಬೇರೆ ಬರೆಯಿರಿ. ಪದವನ್ನು ಚಿತ್ರವಾಗಿ ಮಾತ್ರ ಅಲ್ಲ, ಕಾಪಿ ಮಾಡಲು ಬರುವ ಹಾಗೆ ಟೈಪ್ ಮಾಡಿಯೂ ಹಾಕಿ. ಲಿಬ್ರೆಆಫೀಸ್‌ನಲ್ಲಿ ಅಕ್ಷರದ ಪಕ್ಕ ಕರ್ಸರ್ ಇಟ್ಟು ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಯೂನಿಕೋಡ್ ನಂಬರ್ ಕಾಣುತ್ತದೆ. ಅದನ್ನೂ ಸೇರಿಸಿ. ಕನ್ನಡ ಓದಲು ಬಾರದವರಿಗೆ ಆ ನಂಬರೇ ಆಧಾರ. ಇಂಗ್ಲಿಷ್ ಚೆನ್ನಾಗಿಲ್ಲ ಅಂತ ಹಿಂಜರಿಯಬೇಡಿ. ಚಿಕ್ಕ ಚಿಕ್ಕ ವಾಕ್ಯ ಸಾಕು.

ಕೋಡ್ ಅಥವಾ ದಾಖಲೆ ತಿದ್ದುವ ಹಂತಕ್ಕೆ ಬಂದಾಗ ಮೊದಲು ಕಾಂಟ್ರಿಬ್ಯೂಟಿಂಗ್ ಅನ್ನುವ ಫೈಲ್ ಓದಿ. ಒಂದೊಂದು ಪ್ರಾಜೆಕ್ಟ್‌ಗೆ ಒಂದೊಂದು ಪದ್ಧತಿ. ಗಿಟ್‌ಹಬ್‌ನಲ್ಲಿ ಇರುವವು ಸಾಮಾನ್ಯವಾಗಿ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕೇಳುತ್ತವೆ. ಲಿಬ್ರೆಆಫೀಸ್‌ನವರು ಕೋಡ್ ಪರಿಶೀಲಿಸಲು ಗೆರಿಟ್ ಎಂಬ ತಾಣ ಬಳಸುತ್ತಾರೆ, ಲೈಸೆನ್ಸ್‌ಗೆ ಒಪ್ಪಿಗೆಯನ್ನೂ ಬರೆದು ಕೊಡಬೇಕು. ಹೊಸಬರಿಗೆ ಅಂತಲೇ ಗುರುತು ಹಾಕಿದ ಕೆಲಸಗಳಿರುತ್ತವೆ: ಗಿಟ್‌ಹಬ್‌ನಲ್ಲಿ ಗುಡ್ ಫಸ್ಟ್ ಇಶ್ಯೂ, ಲಿಬ್ರೆಆಫೀಸ್‌ನಲ್ಲಿ ಈಸಿ ಹ್ಯಾಕ್ಸ್. ಹೊಸಬರು ಕಳಿಸಿದ್ದಕ್ಕೆ ಇತ್ತೀಚೆಗೆ ಉತ್ತರ ಬಂದಿದೆಯಾ ಅಂತ ನೋಡಿ. ಉತ್ತರ ಇಲ್ಲದ ಕಡೆ ಸುಮ್ನೆ ಸಮಯ ಹಾಳು.

ಫೋರ್ಕ್ ಮಾಡಿ (ನಿಮ್ಮ ಗಿಟ್‌ಹಬ್ ಖಾತೆಗೆ ಒಂದು ಪ್ರತಿ), ಕ್ಲೋನ್ ಮಾಡಿ (ಅದನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವುದು), ಹೊಸ ಬ್ರಾಂಚ್ (ನಿಮ್ಮ ಬದಲಾವಣೆಗೆ ಬೇರೆ ಕವಲು) ತೆಗೆಯಿರಿ. ಒಂದು ಬ್ರಾಂಚಿಗೆ ಒಂದೇ ಕೆಲಸ. ಸಕಲೇಶಪುರ, ಮೂಡಿಗೆರೆ ಕಡೆಯವರು ಮಳೆಗಾಲದಲ್ಲಿ ನೆಟ್ ಇರಲ್ಲ ಅಂತ ಹೆದರುತ್ತಾರೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನೆಲ್‌ಗಾಗಿ ಗಿಟ್ (ಈ ಕ್ಲೋನ್, ಬ್ರಾಂಚ್ ಕೆಲಸವನ್ನೆಲ್ಲ ಮಾಡುವ ಸಾಫ್ಟ್‌ವೇರ್) ಮಾಡಿದಾಗಲೇ ಪ್ರತಿಯೊಬ್ಬರ ಕಂಪ್ಯೂಟರ್‌ನಲ್ಲೂ ಪ್ರಾಜೆಕ್ಟಿನ ಪೂರ್ತಿ ಇತಿಹಾಸ ಇರುವ ಹಾಗೆ ಮಾಡಿದರು. ಹಾಗಾಗಿ ಬ್ರಾಂಚ್, ಕಮಿಟ್ (ಬದಲಾವಣೆ ದಾಖಲಿಸುವುದು), ಹಳೆಯದನ್ನು ನೋಡುವುದು, ಯಾವುದಕ್ಕೂ ನೆಟ್ ಬೇಡ. ಕ್ಲೋನ್ ಮಾಡುವಾಗ, ಬೇರೆಯವರ ಹೊಸ ಬದಲಾವಣೆ ಇಳಿಸಿಕೊಳ್ಳುವಾಗ, ಪುಶ್ ಮಾಡುವಾಗ (ನಿಮ್ಮ ಬದಲಾವಣೆಯನ್ನು ಮೇಲಕ್ಕೆ ಕಳಿಸುವಾಗ) ಮಾತ್ರ ಬೇಕು. ಪೇಟೆಗೆ ಬಂದ ದಿನ ಕ್ಲೋನ್ ಮಾಡಿಕೊಂಡು ಹೋಗಿ, ಮನೆಯಲ್ಲಿ ಕೆಲಸ ಮಾಡಿ, ಸಿಗ್ನಲ್ ಬಂದಾಗ ಪುಶ್ ಮಾಡಿ. ಡೇಟಾ ಕಡಿಮೆ ಇದ್ದರೆ ಡೆಪ್ತ್ 1 ಅಂತ ಕೊಟ್ಟು ಇತ್ತೀಚಿನ ಪ್ರತಿಯನ್ನಷ್ಟೇ ಇಳಿಸಿಕೊಳ್ಳಬಹುದು. ಆಗ ಹಳೆಯ ಇತಿಹಾಸ ಸಿಗುವುದಿಲ್ಲ, ಅಷ್ಟೇ.

ಒಂದು ಮಾತು ಒತ್ತಿ ಹೇಳುತ್ತೇನೆ. ಎಣಿಕೆ ತುಂಬಿಸಲು ರೀಡ್‌ಮಿ ಫೈಲಿನಲ್ಲಿ ಒಂದು ಪದ ಆಚೀಚೆ ಮಾಡಿ ಕಳಿಸಬೇಡಿ. ಇಂತಿಷ್ಟು ಪುಲ್ ರಿಕ್ವೆಸ್ಟ್ ಕಳಿಸಿದರೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕಾರ್ಯಕ್ರಮದಲ್ಲಿ 2020ರಲ್ಲಿ ಆ ಟೀ ಶರ್ಟ್ ಆಸೆಗೆ ಇಂಥವು ರಾಶಿ ರಾಶಿ ಬಂದು, ಬಿಡುವಿನ ಸಮಯದಲ್ಲಿ ಪ್ರಾಜೆಕ್ಟ್ ನಡೆಸುವವರು ಸೋತು ಹೋದರು. ಕೊನೆಗೆ, ಭಾಗವಹಿಸಲು ಒಪ್ಪಿಕೊಂಡ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ನಿಯಮ ಬದಲಾಯಿಸಬೇಕಾಯಿತು. ಎಐ ಬರೆದುಕೊಟ್ಟ ಕೋಡ್ ನಿಮಗೇ ಅರ್ಥವಾಗದಿದ್ದರೆ ಅದನ್ನೂ ಕಳಿಸಬೇಡಿ. ರಿವ್ಯೂ ಮಾಡುವವರು "ಈ ಸಾಲು ಯಾಕೆ?" ಅಂದಾಗ ಉತ್ತರ ಹೇಳಬೇಕಾದವರು ನೀವು.

ರಿವ್ಯೂನಲ್ಲಿ ತಿದ್ದುಪಡಿ ಜಾಸ್ತಿ ಬಂದರೆ ಬೇಜಾರಾಗಬೇಡಿ. ನಿಮ್ಮ ಕೋಡನ್ನು ಅವರು ಕೂತು ಓದಿದ್ದಾರೆ ಅಂತ ಅರ್ಥ. ಅದೇ ಬ್ರಾಂಚ್‌ನಲ್ಲಿ ತಿದ್ದಿ ಮತ್ತೆ ಪುಶ್ ಮಾಡಿ. ಒಂದೆರಡು ವಾರ ಸದ್ದಿಲ್ಲದಿದ್ದರೆ ಒಂದು ಸಾಲಿನಲ್ಲಿ ನೆನಪಿಸಿ. ಕಾಯುವ ಹೊತ್ತಿಗೆ ಲಿಬ್ರೆಆಫೀಸ್ ಬಗ್‌ಜಿಲ್ಲಾದಲ್ಲಿ ಅನ್‌ಕನ್‌ಫರ್ಮ್ಡ್ ಅಂತ ಬಿದ್ದಿರುವ ದೂರುಗಳನ್ನು ತೆರೆಯಿರಿ. ಅಲ್ಲಿ ಹೇಳಿದ ಹಾಗೇ ನಿಮ್ಮ ಕಂಪ್ಯೂಟರ್‌ನಲ್ಲಿ ಮಾಡಿ ನೋಡಿ, ತಪ್ಪು ನಿಮಗೂ ಕಂಡಿತಾ ಇಲ್ಲವಾ, ಯಾವ ವರ್ಷನ್‌ನಲ್ಲಿ, ಅಂತ ಕೆಳಗೆ ಬರೆಯಿರಿ.