ಸೊಲೆನಾಯ್ಡ್ ವಾಲ್ವ್ ತಗೊಳ್ಳೋ ಮುಂದ ಬಾಡಿ ಅಷ್ಟೇ ನೋಡಬ್ಯಾಡ್ರಿ, ಒಳಗಿನ ರಬ್ಬರ್ ಯಾವುದು ಕೇಳ್ರಿ

ಕಲಬುರಗಿ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ಮೆಂಟೆನೆನ್ಸ್ ಕೆಲಸ ನಂದು. ಸೊಲೆನಾಯ್ಡ್ ವಾಲ್ವ್ ಅಂದ್ರ ಕರೆಂಟ್ ಕೊಟ್ರ ಕಾಯಿಲ್ ಒಳಗಿನ ಪ್ಲಂಜರ್ (ಲೋಹದ ಗೂಟ) ಎಳ್ದು ಲೈನ್ ತೆಗೆಯೋ, ಮುಚ್ಚೋ ವಾಲ್ವ್. ಯಾರರೆ ಒಬ್ರು ಹಳೇ ವಾಲ್ವ್ ಕೈಯಾಗ ಹಿಡ್ಕೊಂಡು ಬರ್ತಾರ, "ಇಂಥಾದ್ದೇ ಅರ್ಧ ಇಂಚಿಂದು ಒಂದು ಕೊಡಸ್ರಿ" ಅಂತಾರ. ಅರ್ಧ ಇಂಚು ಖರೆ, 230 ವೋಲ್ಟ್ ಕಾಯಿಲ್ ಅದೂ ಖರೆ, ಆದ್ರ ಒಳಗ ಏನ್ ಹಾಯ್ತದ್ರಿ ಅಂದ್ರ "ನೀರು" ಅಂತಾರ. ಯಾ ನೀರು? ಬೋರಿಂದಾ, ಆರ್‌ಓದಾ, ಬಾಯ್ಲರಿಗಿ ಹೋಗೋ ಬಿಸಿ ನೀರಾ? ಲಫಡಾ ಎಲ್ಲಾ ಇಲ್ಲೇ ಶುರು ಆಗ್ತದ.

ಒಂದು ಕಡೆ ಸ್ಟೀಮ್ ಲೈನಿನಾಗ ಇಪಿಡಿಎಂ ಅನ್ನೋ ರಬ್ಬರಿನ ಸೀಟ್ (ವಾಲ್ವ್ ಬಂದ್ ಆದಾಗ ದಾರಿ ಮುಚ್ಚೋ ಸೀಲ್) ಇದ್ದ ವಾಲ್ವ್ ಚಲೋ ನಡದಿತ್ತು. ಅದು ಹಳೇದಾಯ್ತು ಅಂತ ಸಾಹೇಬ್ರು "ಇನ್ನೂ ಭಾರಿ ಮಾಲ್ ಹಾಕ್ರಿ" ಅಂದ್ರು, ನಾನೂ ಆಗ ಹೊಸಬ, ಹೂಂ ಅಂದು ವಿಟಾನ್ ಅನ್ನೋ ರಬ್ಬರಿಂದು ಹಾಕಿದೆ, ರೊಕ್ಕ ಡಬಲ್, ಮೂರು ತಿಂಗಳದಾಗ ಸೀಟ್ ಸೀಳಿ ಬಂದ್ ಮಾಡಿದ್ರೂ ಸುಂಯ್ ಅಂತ ಸ್ಟೀಮ್ ಹೋಗ್ಲಿಕ್ಕೆ ಹತ್ತು. ವಿಟಾನ್ ತುಟ್ಟಿ ಮಾಲ್ ಅಂಬೋದು ಖರೆ, ಬಿಸಿ ಎಣ್ಣಿ, ಬಿಸಿ ಗಾಳಿ ಇದ್ರ 180 ಡಿಗ್ರಿ ತನಾ ತಡೀತದ, ಆದ್ರ ಸಾದಾ ಗ್ರೇಡಿನ ವಿಟಾನ್‌ಗೆ ಕುದಿ ನೀರು, ಸ್ಟೀಮ್ ಆಗಿ ಬರಂಗಿಲ್ಲ. ಅದಕ್ಕಿಂತ ಸಸ್ತಾ ಇರೋ ಇಪಿಡಿಎಂ ಆ ಕೆಲಸಕ್ಕ ಛಲೋ. ತುಟ್ಟಿ ಇದ್ದದ್ದೇ ಗಟ್ಟಿ ಅಂತ ತಿಳ್ಕೊಂಡ್ರ ಹಿಂಗೇ ಆಗ್ತದ.

ಇಪಿಡಿಎಂಗೂ ಮಿತಿ ಅದ. ಸ್ಟೀಮಿಗಿ ಪ್ರೆಷರ್ ಏರಿದಂಗ ಶಾಖ ಏರ್ತದ ಅಂತ ಗೊತ್ತೇ ಅದ, ಗೇಜಿನಾಗ 1 ಬಾರ್ ಇದ್ದಾಗ 120 ಡಿಗ್ರಿ, 3 ಬಾರಿಗಿ 143ರ ಆಜುಬಾಜು, 7 ಬಾರಿಗಿ 170. ಇಪಿಡಿಎಂ 140ರ ತನಾ ಅಷ್ಟೇ ಅಂತ ತಿಳೀರಿ, ಅಂದ್ರ ಎರಡು ಎರಡೂವರೆ ಬಾರಿನ ಮ್ಯಾಲೆ ಇದ್ರ ಸುಮ್ನ ಪಿಟಿಎಫ್‌ಇ, ಅಂದ್ರ ಟೆಫ್ಲಾನ್ ಸೀಟಿಂದು ತಗೋರಿ. ಟೆಫ್ಲಾನ್‌ಗ ರಬ್ಬರಿನಂಗ ಮೆತ್ತಗಿನ ಗುಣ ಇಲ್ಲ, ಸೀಟಿನ ಮ್ಯಾಲೆ ವೆಲ್ಡಿಂಗ್ ಕಿಟ್ಟ ಒಂದು ಚೂರು ಕುಂತ್ರೂ ಗೀರು ಬಿದ್ದು ಲೀಕ್ ಆಗ್ತದ, ಅದಕ್ಕ ಮುಂದ ವೈ ಸ್ಟ್ರೇನರ್ (ಕಸ ಹಿಡಿಯೋ ಜಾಳಗಿ) ಇಲ್ಲದ ಹಾಕಬ್ಯಾಡ್ರಿ.

ಈಗ ಉಲ್ಟಾ ಮಾತು. ಇಪಿಡಿಎಂಗೆ ಎಣ್ಣಿ ಅಂದ್ರ ವಿಷ. ಗಾಳಿ ಲೈನಿಗಿ ಅದನ್ನ ಹಾಕ್ತಾರ, ಗಾಳಿ ತಾನ ಅಂತ, ಆದ್ರ ಕಂಪ್ರೆಸರಿನ ಎಣ್ಣಿ ಗಾಳಿ ಜೋಡಿ ಬರೋದು ಯಾರೂ ಲೆಕ್ಕಕ್ಕ ಹಿಡ್ಯಂಗಿಲ್ಲ. ರಬ್ಬರ್ ಉಬ್ಬಿ ಪ್ಲಂಜರ್ ಸಿಕ್ಕೊಂಡು ಬಿಡ್ತದ, ಕಾಯಿಲ್ ಗುಂಯ್ ಅಂತದ, ಎಸಿ ಕಾಯಿಲ್ ಇದ್ರ ಪ್ಲಂಜರ್ ಪೂರಾ ಮ್ಯಾಲೆ ಎಳೀಲಿಲ್ಲಂದ್ರ ಸುಟ್ಟು ಹೋಗ್ತದ, ಎಲೆಕ್ಟ್ರಿಷಿಯನ್ ಕಾಯಿಲ್ ಬದಲಿಸ್ತಾನ, ಅದೂ ಸುಡ್ತದ. ತಪ್ಪು ರಬ್ಬರಿಂದು, ಬೈಗಳ ಕಾಯಿಲಿಗಿ. ಇನ್ನೊಂದು, ನಮ್ಮ ಹುಡುಗರು ಫಿಟ್ ಮಾಡೋ ಮುಂದ ಬೇರಿಂಗಿಗಿ ಹಚ್ಚೋ ಗ್ರೀಸೇ ತಂದು ಓ ರಿಂಗಿಗಿ (ಬಳೆಯಂಥಾ ರಬ್ಬರ್ ಸೀಲ್) ಸವರ್ತಾರ, ಇಪಿಡಿಎಂ ಇದ್ರ ಅಲ್ಲಿಗೇ ಮುಗೀತು, ಅದಕ್ಕ ಸಿಲಿಕಾನ್ ಗ್ರೀಸೇ ಬೇಕು.

ದಾಲ್ ಮಿಲ್ ಸಾರ್ಟೆಕ್ಸ್ (ಬಣ್ಣ ನೋಡಿ ಬ್ಯಾಳಿ ಆರಿಸೋ ಮಷಿನ್) ಗಾಳಿ, ಸಾದಾ ತಣ್ಣೀರು, ಹೈಡ್ರಾಲಿಕ್ ಎಣ್ಣಿ, ಡೀಸೆಲ್ ಇವಕ್ಕೆಲ್ಲಾ ನೈಟ್ರೈಲ್ ಸಾಕು, ಕ್ಯಾಟಲಾಗಿನಾಗ ಎನ್‌ಬಿಆರ್ ಅಂತ ಇರ್ತದ. ಅದರ ಮಿತಿ 80-90 ಡಿಗ್ರಿ. ಭಾಳ ಆಯ್ತಲ್ಲ ಅನ್ನಸ್ತದ, ಆದ್ರ ಮೇ ತಿಂಗಳದಾಗ ನಮ್ಮಲ್ಲಿ ನೆರಳಿನಾಗೇ 42-43, ಮ್ಯಾಲೆ ತಗಡಿನ ಶೆಡ್ಡು, ಅದರಾಗ ಕಾಯಿಲ್ ಹಗಲೆಲ್ಲಾ ಆನ್ ಇದ್ರ ಕೈ ಇಡ್ಲಿಕ್ಕೆ ಆಗಂಗಿಲ್ಲ, ಆ ಶಾಖ ಪ್ಲಂಜರ್ ಸೀಲಿಗಿ ಇಳೀತದ. ಶಹಾಬಾದ, ವಾಡಿ, ಸೇಡಂ ಕಡೆ ಸಿಮೆಂಟಿನ ಬ್ಯಾಗ್ ಫಿಲ್ಟರಿನಾಗ ಗಾಳಿ ಹೊಡ್ದು ಧೂಳು ಝಾಡಿಸೋ ಪಲ್ಸ್ ವಾಲ್ವಿನ ಡಯಾಫ್ರಾಮ್ (ರಬ್ಬರಿನ ಪರದೆ) ಬಿಸಿ ಜಾಗದಾಗ ಇದ್ರ ನೈಟ್ರೈಲ್ ಗಟ್ಟಿಯಾಗಿ ಸೀಳ್ತದ, ಅಲ್ಲಿ ವಿಟಾನ್ ರೊಕ್ಕ ವಸೂಲ್. ಚಳಿದು ನಮಗ ಚಿಂತಿ ಇಲ್ಲ, ಬೀದರದಾಗ ಡಿಸೆಂಬರಿನಾಗ ಎಷ್ಟ್ ಥಂಡಿ ಬಿದ್ರೂ ವಿಟಾನ್ ಬಿರುಸಾಗೋ ಅಷ್ಟಲ್ಲ.

ಬೀದರ ಕೊಳಾರ, ಹುಮನಾಬಾದ, ಯಾದಗಿರಿ ಕಡೇಚೂರ ಕಡೆ ಫಾರ್ಮಾ, ಕೆಮಿಕಲ್ ಕೆಲಸ ಇದ್ದವರಿಗೆ ಇದು ಬಾಯಿಪಾಠ ಆಗಬೇಕು: ಅಸಿಟೋನಿಗಿ ಇಪಿಡಿಎಂ ನಡೀತದ, ವಿಟಾನ್ ಉಬ್ಬಿ ಹಾಳಾಗ್ತದ; ಟೊಲ್ವೀನಿಗಿ ವಿಟಾನ್ ನಡೀತದ, ಇಪಿಡಿಎಂ ಹಾಳಾಗ್ತದ. ಒಂದೇ ಲೈನಿನಾಗ ಇವತ್ತ ಅದು ನಾಳೆ ಇದು ಹಾಯೋದಿದ್ರ ರಬ್ಬರ್ ಬಿಟ್ಟು ಟೆಫ್ಲಾನ್. ಕಾಸ್ಟಿಕ್‌ಗ ಇಪಿಡಿಎಂ ಚಲೋ, ವಿಟಾನ್ ಅಲ್ಲ. ಡೈರಿಯವರು ತೊಳೀಲಿಕ್ಕೆ ಕಾಸ್ಟಿಕ್ ಬಿಡ್ತಾರಲ್ಲ, ಹಾಲಿಗಿ ಅಷ್ಟೇ ಹಿಡಿದು ಸೀಲ್ ಆರಿಸಿದ್ರ ತೊಳ್ಯೋ ಟೈಮಿಗಿ ಸಾಯ್ತದ. ದಿನಾ ಏನ್ ಹಾಯ್ತದ ಅಷ್ಟೇ ಅಲ್ಲ, ವಾರಕ್ಕೊಮ್ಮಿ ಏನ್ ಹಾಯ್ತದ ಅದೂ ಬರ್ಕೋರಿ.

ಬಾಡಿದು ಸರಳ. ಗಾಳಿ, ಎಣ್ಣಿ, ಸಾದಾ ನೀರಿಗಿ ಹಿತ್ತಾಳಿ. ಆರ್‌ಓ, ಡಿಎಂ (ಲವಣ ತೆಗೆದ) ನೀರಿಗಿ ಹಿತ್ತಾಳಿ ಬ್ಯಾಡ, ಲವಣ ಇಲ್ಲದ ನೀರು ಲೋಹ ಎಳ್ಕೋತದ, ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಹಾಕ್ರಿ. ಐಸ್ ಫ್ಯಾಕ್ಟರಿ ಅಮೋನಿಯಾ ಲೈನಿಗಿ ಹಿತ್ತಾಳಿ ಅಂತೂ ಮುಟ್ಟಲೇಬ್ಯಾಡ್ರಿ, ಹೊರಗ ಚಂದ ಕಾಣ್ತಾ ಕಾಣ್ತಾನೇ ಸೀಳಿ ಬಿಡ್ತದ, ವಿಟಾನ್ ಸೀಲೂ ಅದಕ್ಕ ಒಗ್ಗಂಗಿಲ್ಲ. ಉಪ್ಪಿನಂಶ ಇರೋ ನೀರಿಗಿ 304 ಗ್ರೇಡಿನ ಎಸ್‌ಎಸ್‌ಗಿಂತ 316 ಚಲೋ, ಅದರಾಗ ಮಾಲಿಬ್ಡಿನಮ್ 2-3 ಪರ್ಸೆಂಟ್ ಇರ್ತದ. ಆದ್ರ ಎಚ್‌ಸಿಎಲ್ (ಹೈಡ್ರೋಕ್ಲೋರಿಕ್ ಆ್ಯಸಿಡ್), ಬ್ಲೀಚಿಂಗ್ ಹೈಪೋ ಇದ್ರ 316 ಕೂಡ ತೂತು ಬೀಳ್ತದ, ಅಲ್ಲಿ ಪಿವಿಸಿ, ಪಿಪಿ ಬಾಡಿನೇ. ಕಬ್ಬಿಣ ಗಟ್ಟಿ, ಪ್ಲಾಸ್ಟಿಕ್ ಪುಸ್ಕ ಅಂಬೋ ಲೆಕ್ಕ ಇಲ್ಲಿ ನಡ್ಯಂಗಿಲ್ಲ.

ಇನ್ನೊಂದು ಯಾರೂ ಹೇಳಂಗಿಲ್ಲ. ಬಾಡಿ 316 ಅಂತ ಬರ್ದಿದ್ರೂ ಒಳಗಿನ ಪ್ಲಂಜರ್ 316 ಇರಂಗಿಲ್ಲ, ಯಾಕಂದ್ರ 316ನ್ನ ಕಾಯಿಲ್ ಎಳ್ಯಂಗಿಲ್ಲ, ಅದಕ್ಕ 430 ಜಾತಿ ಎಸ್‌ಎಸ್ ಹಾಕಿರ್ತಾರ, ತುಕ್ಕಿನ ಮುಂದ ಅದು ಸ್ವಲ್ಪ ಕಮ್ಮಿ. ಎಸಿ ವಾಲ್ವಿನಾಗ ಪ್ಲಂಜರ್ ನಡುಗದಂಗ ಹಿಡಿಯೋ ಶೇಡಿಂಗ್ ರಿಂಗ್ ತಾಮ್ರದ್ದು ಇರ್ತದ, ಅಮೋನಿಯಾಕ್ಕ ಅದೂ ಆಗಂಗಿಲ್ಲ. ಆ್ಯಸಿಡ್ ಇದ್ರ ಡಯಾಫ್ರಾಮ್ ಅಡ್ಡ ಇಟ್ಟು ಪ್ಲಂಜರಿಗಿ ದ್ರವ ತಾಗದಂಗ ಮಾಡಿದ ವಾಲ್ವೇ ಕೇಳ್ರಿ.

ಅನುಮಾನ ಇದ್ರ ಒಂದು ದೇಸಿ ಟೆಸ್ಟ್: ಸ್ಪೇರ್ ಡಯಾಫ್ರಾಮ್ ವರ್ನಿಯರ್‌ದಾಗ ಅಳದು, ತೂಕ ಮಾಡಿ, ಲೈನಿನ ದ್ರವದಾಗ ಗಾಜಿನ ಬಾಟಲಿಯೊಳಗ ಒಂದು ವಾರ ಮುಳುಗ್ಸಿ ಇಡ್ರಿ, ತಿರುಗಿ ಅಳೀರಿ. ಉಬ್ಬಿತ್ತು, ಅಂಟಂಟ ಆಗಿತ್ತು, ಉಗುರು ಒತ್ತಿದ್ರ ಗುರುತು ಉಳೀತು ಅಂದ್ರ ಬ್ಯಾಡ. ಬಿಸಿ ಲೈನಿದ್ರ ಈ ಟೆಸ್ಟ್ ಪೂರಾ ಹೇಳಂಗಿಲ್ಲ, ತಣ್ಣಗಿದ್ದಾಗ ಪಾಸ್ ಆದದ್ದು ಬಿಸಿಗಿ ಫೇಲ್ ಆಗ್ತದ.

ಅಂಗಡಿಯವ ವಿಟಾನ್ ಅಂತ ನೈಟ್ರೈಲ್ ಕೊಟ್ಟಿದ್ದೂ ಅದ, ಕರೇ ಬಣ್ಣದಾಗ ಎರಡೂ ಬರ್ತಾವ. ಒಂದೇ ಸೈಜಿನ ಎರಡು ಓ ರಿಂಗ್ ಬಂಗಾರ ತೂಗೋ ತಕ್ಕಡಿಗಿ ಹಾಕ್ರಿ, ವಿಟಾನ್ ಸುಮಾರು ಒಂದೂವರೆ ಪಟ್ಟು ಭಾರ ಬರ್ತದ. ಲೈಟರ್ ಹಚ್ಚಿ ಸುಟ್ಟು ನೋಡೋರು ಅದಾರ, ಕೈ ಮುಗೀತೀನಿ, ಅದು ಬ್ಯಾಡ. ವಿಟಾನ್ ಸುಟ್ರ ಎಚ್‌ಎಫ್, ಅಂದ್ರ ಹೈಡ್ರೋಫ್ಲೋರಿಕ್ ಆ್ಯಸಿಡ್ ಬರ್ತದ, ಚರ್ಮ ದಾಟಿ ಎಲುವಿನ ತನಾ ಹೋಗೋ ಆ್ಯಸಿಡ್ ಅದು. ಸುಟ್ಟ ಲೈನಿನ ಕರೇ ಜಿಗಟು ಓ ರಿಂಗನ್ನೂ ಬರಿಗೈಲೆ ತೆಗೀಬ್ಯಾಡ್ರಿ.